ಆಸ್ಪತ್ರೆಗೆ ಹಣವುಂಟು, ಮನೆಗಿಲ್ಲ

1981ರ ನವೆಂಬರ್ 10ರಂದು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಪತ್ರಿಕಾಗೋಷ್ಠಿ ಕರೆದಿದ್ದರು. ಸರ್ಕಾರದ ಖರ್ಚು ತಗ್ಗಿಸಬೇಕು ಎನ್ನುವುದು ಆಗ ಅವರ ನಿತ್ಯಜಪ. ಸರ್ಕಾರದ ನಿಯಮಗಳು ಎಷ್ಟು ವಿಚಿತ್ರವಾಗಿ ಹಣ ಪೋಲು ಮಾಡುತ್ತವೆ ಎಂಬುದಕ್ಕೆ ಅವರು ಅಂದು ಒಂದು ಪುಟ್ಟ ಹುಡುಗಿಯ ಉದಾಹರಣೆ ಕೊಟ್ಟರು. ಬದುಕಿನ ಬಹುಭಾಗವನ್ನು ಆಸ್ಪತ್ರೆಯಲ್ಲೇ ಕಳೆದ ಮಗು ಅದು. ಮನೆಗೆ ಕಳುಹಿಸಿದರೆ ಮಗುವಿಗೆ ಒಳ್ಳೆಯದು ಎಂದು ವೈದ್ಯರೇ ಹೇಳುತ್ತಿದ್ದರು. ಖರ್ಚೂ ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತಿತ್ತು. ಆದರೆ ಮಗು ಮನೆಯ ಹೊಸಿಲು ದಾಟಿದ ಕ್ಷಣವೇ ಸರ್ಕಾರದ ನೆರವು ನಿಂತುಹೋಗುತ್ತದೆ. ಆಸ್ಪತ್ರೆಯಲ್ಲೇ ಉಳಿದರೆ ಆರು ಪಟ್ಟು ಕೊಡಲು ಅದೇ ಸರ್ಕಾರ ಸಿದ್ಧ.

ಹುಡುಗಿಯ ಹೆಸರು ಕೇಟಿ ಬೆಕೆಟ್. ಊರು ಅಯೋವಾ ರಾಜ್ಯದ ಸೀಡರ್ ರ್‍ಯಾಪಿಡ್ಸ್. 1978ರ ಮಾರ್ಚ್‌ನಲ್ಲಿ ಹುಟ್ಟಿದ ಕೇಟಿಗೆ ಇನ್ನೂ ಕೈಗೂಸಾಗಿದ್ದಾಗಲೇ ಎನ್‌ಸೆಫಲೈಟಿಸ್ ಎಂಬ ಮಿದುಳಿನ ಉರಿಯೂತ ತಗುಲಿತು. ಜೀವ ಉಳಿಯಿತು, ಉಸಿರಾಟದ ಸ್ನಾಯುಗಳು ಬಲ ಕಳೆದುಕೊಂಡವು. ವೆಂಟಿಲೇಟರ್ ಇಲ್ಲದೆ ಮಗು ಬದುಕುವಂತಿರಲಿಲ್ಲ. ತಂದೆತಾಯಿ ಮಾಡಿಸಿದ್ದ ಖಾಸಗಿ ವಿಮೆಯ ಮಿತಿ 10 ಲಕ್ಷ ಡಾಲರ್. ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಅದೂ ಬರಿದಾಗುತ್ತ ಬಂದಿತ್ತು. ಮುಂದೆ ಕೈಹಿಡಿದದ್ದು ಮೆಡಿಕೇಡ್, ಅಂದರೆ ಬಡವರಿಗೆಂದು ಕೇಂದ್ರವೂ ರಾಜ್ಯಗಳೂ ಸೇರಿ ನಡೆಸುವ ಚಿಕಿತ್ಸಾ ನೆರವಿನ ಯೋಜನೆ.

ಬೆಕೆಟ್ ದಂಪತಿ ಕಡುಬಡವರಲ್ಲ, ದುಡಿದು ತಿನ್ನುವ ಮಧ್ಯಮ ವರ್ಗದವರು. ಮೆಡಿಕೇಡ್ ಅವರ ಮಗುವಿಗೆ ಸಿಕ್ಕಿದ್ದಾದರೂ ಹೇಗೆ? ನಿಯಮದ ಗಂಟು ಇರುವುದು ಇಲ್ಲಿಯೇ. ತಿಂಗಳಿಗಿಂತ ಹೆಚ್ಚು ಕಾಲ ಆಸ್ಪತ್ರೆಯಲ್ಲಿರುವ ಮಗುವನ್ನು ಕಾನೂನು ಮನೆಯಿಂದ ಬೇರೆಯಾದ ವ್ಯಕ್ತಿಯೆಂದು ಎಣಿಸುತ್ತಿತ್ತು. ಮೂರು ವರ್ಷದ ಕೂಸಿಗೆ ಸಂಬಳವೆಲ್ಲಿಂದ ಬರಬೇಕು? ಹಾಗಾಗಿ ಅದು ಬಡವರ ಪಟ್ಟಿಗೆ ಸೇರಿತು. ಮನೆಗೆ ಬಂದರೆ ಅಪ್ಪ ಅಮ್ಮನ ಸಂಬಳವೆಲ್ಲ ಮಗುವಿನ ಆದಾಯವೆಂದು ಲೆಕ್ಕವಾಗುತ್ತಿತ್ತು, ನೆರವು ರದ್ದಾಗುತ್ತಿತ್ತು. ಮನೆಗೆ ಕರೆತರಲು ಅಪ್ಪ ಅಮ್ಮ ಸಿದ್ಧರಿದ್ದರು, ವೈದ್ಯರ ಒಪ್ಪಿಗೆಯಿತ್ತು. ಅಡ್ಡ ನಿಂತದ್ದು ಒಂದು ಲೆಕ್ಕದ ಪುಸ್ತಕ.

ಕನ್ನಡದಲ್ಲಿ ಏಳಲಾಗದ ಕಾಯಿಲೆಯವರನ್ನು ‘ಹಾಸಿಗೆ ಹಿಡಿದರು’ ಎನ್ನುತ್ತೇವೆ. ಅಮೆರಿಕದಲ್ಲಿ ಹಾಸಿಗೆ ಹಿಡಿದದ್ದು ಸರ್ಕಾರದ ಹಣ. ಆಸ್ಪತ್ರೆಯ ಹಾಸಿಗೆಯನ್ನು ಬಿಟ್ಟು ಅದು ರೋಗಿಯ ಹಿಂದೆ ಮನೆಗೆ ಹೊರಡಲು ಒಪ್ಪಲಿಲ್ಲ. ಇದು ಯಾರೋ ಒಬ್ಬ ಗುಮಾಸ್ತನ ಮೂರ್ಖತನದಿಂದ ಆದದ್ದಲ್ಲ. ಸುಮಾರು ನೂರೈವತ್ತು ವರ್ಷಗಳ ಇತಿಹಾಸ ಅದರ ಹಿಂದೆ ಇದೆ.

ಹಳೆಯ ಅಮೆರಿಕದಲ್ಲಿ ವೃದ್ಧರ, ಅಂಗವಿಕಲರ ಆರೈಕೆ ನಡೆಯುತ್ತಿದ್ದುದು ಮನೆಯಲ್ಲೇ. ನಮ್ಮಲ್ಲಿ ಇದ್ದಂತೆಯೇ. ಆದರೆ ಅಲ್ಲಿನವರು ಈ ವಿಷಯದಲ್ಲಿ ಬರೀ ಪ್ರೀತಿಯನ್ನು ನೆಚ್ಚಿಕೊಂಡವರಲ್ಲ. ನ್ಯೂ ಇಂಗ್ಲೆಂಡಿನ ರೈತರು ಬರೆದಿಟ್ಟ ಉಯಿಲುಗಳನ್ನು ನೋಡಿದರೆ ಇದು ತಿಳಿಯುತ್ತದೆ. ಜಮೀನು ಮಗನಿಗೆ, ಅದಕ್ಕೆ ಪ್ರತಿಯಾಗಿ ಮಗ ತಾಯಿಗೆ ಮನೆಯಲ್ಲಿ ಇಂಥದೇ ಕೋಣೆ ಬಿಡಬೇಕು, ಸೌದೆ ಕಡಿದು ಬಾಗಿಲಿಗೆ ತಂದು ಹಾಕಬೇಕು, ಹಾಲಿಗೆ ಒಂದು ಹಸು ಕೊಡಬೇಕು. ಎಲ್ಲವೂ ಕರಾರಿನ ಭಾಷೆಯಲ್ಲಿ. ಸಾಯುವ ಗಂಡ ತನ್ನ ಹೆಂಡತಿಯ ಮುಪ್ಪಿನ ಆರೈಕೆಗೆ ಕೊಡುತ್ತಿದ್ದ ಬೆಲೆ ಆ ಜಮೀನು.

ಜಮೀನೂ ಇಲ್ಲದ, ಮಕ್ಕಳೂ ಇಲ್ಲದ ಮುದುಕಿಯ ಗತಿಯೇನು? ಇಂಗ್ಲೆಂಡಿನ 1601ರ ಬಡವರ ಕಾನೂನಿನ ಪದ್ಧತಿಯನ್ನೇ ಹೊತ್ತು ತಂದಿದ್ದ ವಲಸಿಗರು ಆ ಹೊಣೆಯನ್ನು ಊರಿನ ಮೇಲೆ ಹಾಕಿದ್ದರು. ಊರಿನ ತೆರಿಗೆ ಹಣದಿಂದ ನೆರೆಮನೆಯ ಹೆಂಗಸಿಗೆ ಇಷ್ಟು ಕೂಲಿ ಎಂದು ಕೊಟ್ಟು ನೋಡಿಕೊಳ್ಳಲು ಹೇಳುವುದು ಒಂದು ಕ್ರಮ. ಇನ್ನೊಂದು ಕ್ರಮ ಹರಾಜು. ನಮ್ಮಲ್ಲಿ ಕೆರೆಯ ಮೀನನ್ನೋ ಹುಣಸೆಮರದ ಫಸಲನ್ನೋ ಹರಾಜು ಹಾಕುತ್ತಾರಲ್ಲ, ಹಾಗೆಯೇ, ಆದರೆ ತಲೆಕೆಳಗು. ವರ್ಷಕ್ಕೊಮ್ಮೆ ಊರಿನವರು ಸೇರಿದಾಗ ದಿಕ್ಕಿಲ್ಲದ ಮುದುಕರನ್ನೂ ಅಂಗವಿಕಲರನ್ನೂ ಒಬ್ಬೊಬ್ಬರಾಗಿ ಕೂಗುತ್ತಿದ್ದರು. ಇವರನ್ನು ಒಂದು ವರ್ಷ ಮನೆಯಲ್ಲಿಟ್ಟು ಸಾಕಲು ಅತಿ ಕಡಿಮೆ ಹಣ ಕೇಳಿದವನಿಗೆ ಹರಾಜು ನಿಲ್ಲುತ್ತಿತ್ತು. ಅಷ್ಟು ಕಡಿಮೆ ಕೇಳಿದವನು ಹೇಗೆ ಸಾಕುತ್ತಿದ್ದ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿನ ಆರೈಕೆ ಎಂದಾಕ್ಷಣ ಹಳೆಯ ಕಾಲವನ್ನು ಹೊಗಳುವವರು ಈ ಹರಾಜನ್ನೂ ನೆನೆಯುವುದು ಒಳ್ಳೆಯದು.

1821ರಲ್ಲಿ ಮೆಸಾಚುಸೆಟ್ಸ್‌ನಲ್ಲಿ ಜೋಸಾಯ ಕ್ವಿನ್ಸಿ, 1824ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಯೇಟ್ಸ್ ಈ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟರು. ಮನೆಮನೆಗೆ ಹಣ ಕೊಡುವುದು ದುಂದು, ಅದರಿಂದ ಸೋಮಾರಿತನ ಬೆಳೆಯುತ್ತದೆ, ಹರಾಜಂತೂ ಕ್ರೂರ. ಎಲ್ಲರನ್ನೂ ಒಂದೇ ಸೂರಿನಡಿ ಇಟ್ಟು ಕೆಲಸ ಮಾಡಿಸಬೇಕು ಎಂಬುದು ಅವುಗಳ ಸಾರ. ಅಲ್ಲಿಂದ ಮುಂದೆ ಕೌಂಟಿಗೊಂದರಂತೆ ಬಡವರ ಮನೆಗಳು ಎದ್ದವು. ಆಡಳಿತದ ಭಾಷೆಯಲ್ಲಿ ಸ್ವಂತ ಮನೆಯಲ್ಲಿರುವವರಿಗೆ ಕೊಡುವ ನೆರವಿನ ಹೆಸರು ‘ಹೊರಗಿನ ನೆರವು’. ಬಡವರ ಮನೆಗೆ ಸೇರಿದವರಿಗೆ ಕೊಡುವುದು ‘ಒಳಗಿನ ನೆರವು’. ಸ್ವಂತ ಮನೆ ಹೊರಗಾಯಿತು, ಸರ್ಕಾರದ ಕಟ್ಟಡ ಒಳಗಾಯಿತು. ನೂರೈವತ್ತು ವರ್ಷಗಳ ಆಚೆ ಕೇಟಿಯನ್ನು ಕಟ್ಟಿಹಾಕಿದ ನಿಯಮದ ಬೇರು ಈ ಎರಡು ಶಬ್ದಗಳಲ್ಲೇ ಇದೆ ಎನ್ನಬಹುದು.

ಬಡವರ ಮನೆ ಎಂದರೆ ಜನ ನಡುಗುತ್ತಿದ್ದರು. ಕುಡುಕರು, ಚಿತ್ತಸ್ವಾಸ್ಥ್ಯ ಕಳೆದುಕೊಂಡವರು, ಅನಾಥ ಮಕ್ಕಳು ಎಲ್ಲರೂ ಮೊದಲು ಅಲ್ಲೇ. ಮಕ್ಕಳಿಗೆ, ಮನೋರೋಗಿಗಳಿಗೆ ಬೇರೆ ಬೇರೆ ಸಂಸ್ಥೆಗಳಾದಂತೆ ಕೊನೆಗೆ ಅಲ್ಲಿ ಉಳಿದವರು ಮುದುಕರು. 1935ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಾಮಾಜಿಕ ಭದ್ರತಾ ಕಾನೂನಿಗೆ ಸಹಿ ಹಾಕಿದಾಗ ಈ ಅವಮಾನವನ್ನು ಕೊನೆಗಾಣಿಸುವ ಉದ್ದೇಶವೂ ಇತ್ತು. ಬಡ ವೃದ್ಧರಿಗೆ ನಗದು ನೆರವು ಸಿಗಬೇಕು, ಅದರಿಂದ ಅವರು ತಮ್ಮ ಮನೆಯಲ್ಲೇ ಇರಬೇಕು. ಅದಕ್ಕಾಗಿ ಕಾನೂನಿನಲ್ಲಿ ಒಂದು ಷರತ್ತು ಸೇರಿತು: ಸರ್ಕಾರಿ ಸಂಸ್ಥೆಯಲ್ಲಿ ವಾಸಿಸುವವರಿಗೆ ಈ ಹಣ ಇಲ್ಲ.

ಒಳ್ಳೆಯ ಮನಸ್ಸಿನಿಂದ ಮಾಡಿದ ಷರತ್ತು. ಫಲ ಮಾತ್ರ ಬೇರೆಯಾಯಿತು. ಬಡವರ ಮನೆಯಲ್ಲಿದ್ದವರಲ್ಲಿ ಬಹಳಷ್ಟು ಜನ ಒಬ್ಬರೇ ಇರಲಾರದಷ್ಟು ನಿತ್ರಾಣರು. ಕೈಗೆ ಹಣ ಬರಬೇಕಾದರೆ ಸರ್ಕಾರಿ ಕಟ್ಟಡ ಬಿಡಬೇಕು, ಹೋಗಲು ಮನೆಯಿಲ್ಲ. ಅವರು ಖಾಸಗಿಯವರ ಮನೆಗಳಿಗೆ ಸೇರಿಕೊಂಡರು. ಎರಡು ಮೂರು ಕೋಣೆ ಖಾಲಿಯಿದ್ದ ಮನೆಗಳವರು ಮುದುಕರನ್ನಿಟ್ಟುಕೊಂಡು ಅವರ ಚೆಕ್ಕಿನಲ್ಲಿ ಮನೆ ನಡೆಸತೊಡಗಿದರು. ಅಮೆರಿಕದ ಖಾಸಗಿ ನರ್ಸಿಂಗ್ ಹೋಂ ಉದ್ಯಮ ಹಬ್ಬಿದ್ದು ಹೀಗೆ. ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ನಮ್ಮೂರುಗಳಲ್ಲಿ ನರ್ಸಿಂಗ್ ಹೋಂ ಎಂದರೆ ಹೆರಿಗೆಗೋ ಆಪರೇಷನ್ನಿಗೋ ಹೋಗಿ ನಾಲ್ಕು ದಿನದಲ್ಲಿ ಹಿಂತಿರುಗುವ ಖಾಸಗಿ ಆಸ್ಪತ್ರೆ. ಅಲ್ಲಿ ಅದು ಮೇಲೇಳಲಾಗದವರು ಉಳಿದ ಆಯುಷ್ಯ ಕಳೆಯುವ ಜಾಗ. 1950ರಲ್ಲಿ ಕಾನೂನು ತಿದ್ದುಪಡಿಯಾಗಿ ಸರ್ಕಾರ ಇಂಥ ಸಂಸ್ಥೆಗಳಿಗೆ ನೇರವಾಗಿ ಹಣ ಕೊಡುವ ದಾರಿ ತೆರೆಯಿತು. 1954ರಲ್ಲಿ ಕಟ್ಟಡಕ್ಕೂ ಕೇಂದ್ರದ ಅನುದಾನ ಬಂತು.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮಿಸೂರಿಯ ಇಂಡಿಪೆಂಡೆನ್ಸ್ ಊರಿಗೆ ಹೋಗಿ, ಮಾಜಿ ಅಧ್ಯಕ್ಷ ಟ್ರೂಮನ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಹಿ ಹಾಕಿದ ಕಾನೂನಿನಿಂದ ಮೆಡಿಕೇರ್, ಮೆಡಿಕೇಡ್ ಎಂಬ ಅವಳಿ ಯೋಜನೆಗಳು ಹುಟ್ಟಿದವು. ಹೆಸರಿನ ಹೋಲಿಕೆಯಿಂದ ಅಮೆರಿಕನ್ನರೇ ಗೊಂದಲಕ್ಕೆ ಬೀಳುತ್ತಾರೆ. ಮೆಡಿಕೇರ್ 65 ದಾಟಿದವರ ವಿಮೆ, ಬಡವ ಶ್ರೀಮಂತ ಎಂಬ ಭೇದವಿಲ್ಲ. ಅದು ಆಪರೇಷನ್ನಿಗೆ ಕೊಡುತ್ತದೆ. ಆಪರೇಷನ್ ಆದ ಮೇಲೆ ನರ್ಸ್ ಮನೆಗೆ ಬಂದು ಗಾಯಕ್ಕೆ ಪಟ್ಟಿ ಕಟ್ಟುವುದಕ್ಕೂ ಕೊಡುತ್ತದೆ. ಆದರೆ ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಊಟ ಬಾಯಿಗಿಡುವುದು, ರಾತ್ರಿ ಎದ್ದು ಶೌಚಕ್ಕೆ ಕರೆದೊಯ್ಯುವುದು, ಇವಷ್ಟೇ ವರ್ಷಗಟ್ಟಲೆ ಬೇಕಾದವರಿಗೆ ಅದು ಕೊಡುವುದಿಲ್ಲ. ತಂದೆಗೆ ಪಾರ್ಶ್ವವಾಯು ಬಡಿದು ಮನೆಯಲ್ಲಿ ಮಲಗಿಸಿಕೊಂಡ ಮೇಲೆಯೇ ಎಷ್ಟೋ ಮಕ್ಕಳಿಗೆ ಈ ಸತ್ಯ ತಿಳಿಯುವುದು.

ಉಳಿಯುವುದು ಮೆಡಿಕೇಡ್. ಅದರ ಕಾನೂನಿನಲ್ಲಿ ನರ್ಸಿಂಗ್ ಹೋಂ ಖರ್ಚು ರಾಜ್ಯಗಳು ಕೊಡಲೇಬೇಕಾದ ಕಡ್ಡಾಯ ಬಾಬ್ತು. ಮನೆಯಲ್ಲಿ ಸಹಾಯಕರನ್ನಿಡುವ ಖರ್ಚು ‘ಐಚ್ಛಿಕ’. ರಾಜ್ಯ ಮನಸ್ಸು ಮಾಡಿದರೆ ಉಂಟು, ಇಲ್ಲವಾದರೆ ಇಲ್ಲ. ಅಂದು ಈ ಒಂದು ಶಬ್ದದ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಮೆಡಿಕೇಡ್ ಪಡೆಯಲು ಬಡವರಾಗಬೇಕು. ಇಲ್ಲದವರು ಬಡವರಾಗಿ ತೋರಿಸಬೇಕು. ಜೀವಮಾನದ ಉಳಿತಾಯವನ್ನೆಲ್ಲ ಆರೈಕೆಗೆ ಸುರಿದು, ಕೈಯಲ್ಲಿ 2,000 ಡಾಲರ್ ಉಳಿದಾಗ ಅರ್ಹತೆ. ಬಹುತೇಕ ರಾಜ್ಯಗಳು ಬಳಸುತ್ತ ಬಂದ ಈ ಮಿತಿ 1989ರಲ್ಲಿ ನಿಂತದ್ದು, ಅಲ್ಲೇ ನಿಂತಿದೆ. ಗಂಡ ನರ್ಸಿಂಗ್ ಹೋಂ ಸೇರಿದರೆ ಮನೆಯಲ್ಲಿರುವ ಹೆಂಡತಿಯೂ ಬರಿಗೈಯಾಗುವ ಸ್ಥಿತಿಯಿದ್ದುದರಿಂದ, ಆಸ್ತಿ ಉಳಿಸಿಕೊಳ್ಳಲು ಕಾಗದದ ಮೇಲೆ ವಿಚ್ಛೇದನ ಪಡೆದ ವೃದ್ಧ ದಂಪತಿಗಳೂ ಇದ್ದರು. ಐವತ್ತು ವರ್ಷ ಸಂಸಾರ ಮಾಡಿದವರ ವಿಚ್ಛೇದನ! 1988ರ ಕಾನೂನು ಮನೆಯಲ್ಲಿ ಉಳಿದ ಸಂಗಾತಿಗೆ ಒಂದಿಷ್ಟು ಉಳಿಸಿಕೊಟ್ಟಿತು. 1993ರಲ್ಲಿ ಇನ್ನೊಂದು ಕಾನೂನು ಬಂತು. 55 ದಾಟಿದ ಮೇಲೆ ದೀರ್ಘಕಾಲದ ಆರೈಕೆಗೆ ಮೆಡಿಕೇಡ್ ಪಡೆದವರು ತೀರಿಕೊಂಡರೆ, ಅವರ ಆಸ್ತಿಯಿಂದ ಆ ಹಣವನ್ನು ರಾಜ್ಯಗಳು ವಸೂಲು ಮಾಡಲೇಬೇಕು. ಬಡವರ ಪಾಲಿಗೆ ಆಸ್ತಿಯೆಂದರೆ ಇರುವ ಒಂದು ಮನೆ. ಸಂಗಾತಿ ಬದುಕಿರುವವರೆಗೆ ಕೈಹಾಕುವುದಿಲ್ಲ, ಆಮೇಲೆ ನೋಟಿಸು ಬರುತ್ತದೆ. ಹಳೆಯ ಉಯಿಲಿನಲ್ಲಿ ಜಮೀನು ಕೊಟ್ಟು ಆರೈಕೆ ಕೊಂಡಂತೆಯೇ ಇದು. ಕೊಳ್ಳುವವನು ಮಗನ ಬದಲು ಸರ್ಕಾರ.

ಕರ್ನಾಟಕದಿಂದ ಮಕ್ಕಳ ಬಳಿಗೆ ಹೋಗಿ ನೆಲೆಸುವ ತಂದೆತಾಯಿಗಳಿಗೂ ಈ ಕಥೆ ತಟ್ಟುತ್ತದೆ. 1996ರ ಕಾನೂನಿನಂತೆ ಗ್ರೀನ್ ಕಾರ್ಡ್ ಪಡೆದವರಲ್ಲಿ ಹೆಚ್ಚಿನವರಿಗೆ ಮೊದಲ ಐದು ವರ್ಷ ಕೇಂದ್ರದ ಮೆಡಿಕೇಡ್ ನೆರವು ಇಲ್ಲ. ಬೆಂಗಳೂರಿನಲ್ಲಾದರೆ ತಿಂಗಳ ಸಂಬಳಕ್ಕೆ ಹೋಂ ನರ್ಸ್ ಇಡಬಲ್ಲ ಕುಟುಂಬ ಅಲ್ಲಿ ಗಂಟೆಯ ಲೆಕ್ಕ ಕೇಳಿ ಬೆಚ್ಚುತ್ತದೆ.

ಹಣ ಮನೆಯ ಬಾಗಿಲಿಗೆ ಬರಬೇಕೆಂಬ ಹಠ ಮೊದಲು ದೊಡ್ಡದಾಗಿ ಕೇಳಿಬಂದದ್ದು ವೃದ್ಧರಿಂದಲ್ಲ, ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಿಂದ. ಎಡ್ ರಾಬರ್ಟ್ಸ್‌ಗೆ 1953ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ ಪೋಲಿಯೋ ತಗುಲಿ ಕುತ್ತಿಗೆಯ ಕೆಳಗೆ ದೇಹ ಸ್ತಬ್ಧವಾಯಿತು. ರಾತ್ರಿ ಉಸಿರಾಡಲು ‘ಕಬ್ಬಿಣದ ಶ್ವಾಸಕೋಶ’ ಎಂದು ಕರೆಯುತ್ತಿದ್ದ ದೊಡ್ಡ ಉರುಳೆಯಂಥ ಯಂತ್ರದೊಳಗೆ ಮಲಗಬೇಕಿತ್ತು. 1962ರಲ್ಲಿ ಅವರು ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದಾಗ ಆ ಯಂತ್ರವನ್ನು ಹೊರಬಲ್ಲ ಹಾಸ್ಟೆಲ್ ಕೋಣೆ ಇರಲಿಲ್ಲ. ವಿದ್ಯಾರ್ಥಿಗಳ ಆಸ್ಪತ್ರೆಯಲ್ಲಿ ಒಂದು ಜಾಗ ಕೊಟ್ಟರು. ಅವರ ಹಿಂದೆ ಇನ್ನೂ ಕೆಲವರು ಗಾಲಿಕುರ್ಚಿಯ ವಿದ್ಯಾರ್ಥಿಗಳು ಬಂದು ಅಲ್ಲೇ ಸೇರಿದರು.

ಎತ್ತಿ ಕೂರಿಸಲು, ಸ್ನಾನ ಮಾಡಿಸಲು ಇವರಿಗೆ ಸಹಾಯಕರು ಬೇಕೇ ಬೇಕು. ಸಹಾಯಕರಿಗೆ ಕೂಲಿ ಕೊಡಲು ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಯೋಜನೆಯಿತ್ತು. ಇಲ್ಲಿ ನಡೆದ ಬದಲಾವಣೆ ಚಿಕ್ಕದಾಗಿ ಕಂಡರೂ ಬಹಳ ದೊಡ್ಡದು. ಸಹಾಯಕರನ್ನು ಆರಿಸುವವರು, ಕೆಲಸ ಹೇಳುವವರು, ಬೇಡವೆಂದರೆ ಬಿಡಿಸುವವರು ಆ ವಿದ್ಯಾರ್ಥಿಗಳೇ. ಅಲ್ಲಿಯವರೆಗೆ ‘ರೋಗಿ’ಯಾಗಿದ್ದವರು ಈಗ ಯಜಮಾನರಾದರು. 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಜೀವನ ಕೇಂದ್ರ ಶುರುವಾಯಿತು. ಮರುವರ್ಷವೇ ರಾಜ್ಯವು ಮನೆಯೊಳಗಿನ ನೆರವಿನ ಯೋಜನೆಗಳನ್ನು ಒಂದುಗೂಡಿಸುವ ಕಾನೂನು ತಂದಿತು. ರಾಬರ್ಟ್ಸ್ ಕೆಲಸಕ್ಕೆ ಅನರ್ಹರೆಂದು ಒಮ್ಮೆ ಹೇಳಿದ್ದ ಪುನರ್ವಸತಿ ಇಲಾಖೆಗೇ 1975ರಲ್ಲಿ ಅವರು ನಿರ್ದೇಶಕರಾದದ್ದು ಬೇರೆಯೇ ಸ್ವಾರಸ್ಯ.

ಕ್ಯಾಲಿಫೋರ್ನಿಯಾದ ಯೋಜನೆಯಲ್ಲಿ ಇನ್ನೊಂದು ವಿಶೇಷವಿದೆ. ನೋಡಿಕೊಳ್ಳುವ ಮಗಳಿಗೋ ಸೊಸೆಗೋ ತಂಗಿಗೋ ಕೂಲಿ ಕೊಡಬಹುದು. ಈಗ ಆ ಯೋಜನೆಯಲ್ಲಿ ದುಡಿಯುವವರಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಮಂದಿ ಬಂಧುಗಳೇ. ಕೇಳಿದ ಕೂಡಲೇ ನಮ್ಮ ಹಿರಿಯರಿಗೆ ಕಸಿವಿಸಿಯಾದೀತು: ಹೆತ್ತವರನ್ನು ನೋಡಿಕೊಳ್ಳಲು ಸಂಬಳವೇ? ಅಮೆರಿಕದಲ್ಲೂ ಇದೇ ಪ್ರಶ್ನೆ ಎದ್ದಿತ್ತು, ಹಲವು ರಾಜ್ಯಗಳು ಬಹುಕಾಲ ಒಪ್ಪಲಿಲ್ಲ. ಆದರೆ ತಾಯಿಯನ್ನು ನೋಡಿಕೊಳ್ಳಲು ಅಂಗಡಿಯ ಕೆಲಸ ಬಿಟ್ಟ ಮಗಳು ಬಾಡಿಗೆ ಎಲ್ಲಿಂದ ಕಟ್ಟಬೇಕು? 1998ರ ಕೊನೆಗೆ ಅರ್ಕಾನ್ಸಸ್ ರಾಜ್ಯ, ಅದರ ಬೆನ್ನಿಗೇ ನ್ಯೂ ಜೆರ್ಸಿ, ಫ್ಲಾರಿಡಾ ಪ್ರಯೋಗವೊಂದನ್ನು ನಡೆಸಿದವು. ಆರೈಕೆಯ ಹಣವನ್ನು ಬೇಕಾದವರ ಕೈಗೇ ಕೊಟ್ಟು, ಯಾರನ್ನಿಟ್ಟುಕೊಳ್ಳಬೇಕೋ ನೀವೇ ನೋಡಿಕೊಳ್ಳಿ ಎಂದವು. ಬಹಳ ಮಂದಿ ಇಟ್ಟುಕೊಂಡದ್ದು ತಮ್ಮ ಮನೆಯವರನ್ನೇ, ಪರಿಚಯದವರನ್ನೇ. ಏಜೆನ್ಸಿಯವರು ಕಳುಹಿಸಿದ ಅಪರಿಚಿತರಿಗಿಂತ ಇವರಿಂದ ಹೆಚ್ಚು ತೃಪ್ತಿ ಸಿಕ್ಕಿತೆಂದು ಆ ಪ್ರಯೋಗದ ಅಧ್ಯಯನ ತೋರಿಸಿತು.

ಕೇಟಿಯ ಕಥೆಗೆ ಮರಳಬೇಕು. ಅಯೋವಾದ ಸಂಸದ ಟಾಮ್ ಟಾಕಿ ಈ ವಿಷಯವನ್ನು ಉಪಾಧ್ಯಕ್ಷ ಜಾರ್ಜ್ ಬುಷ್‌ಗೆ ಮುಟ್ಟಿಸಿದರು. ಅಲ್ಲಿಂದ ಅದು ರೇಗನ್ ಕಿವಿಗೆ ಬಿತ್ತು. ಪತ್ರಿಕಾಗೋಷ್ಠಿಯ ಬೆನ್ನಿಗೇ ಆರೋಗ್ಯ ಸಚಿವ ರಿಚರ್ಡ್ ಶ್ವೈಕರ್ ನಿಯಮಕ್ಕೆ ವಿನಾಯಿತಿ ಕೊಟ್ಟರು. ಆ ವರ್ಷದ ಕ್ರಿಸ್‌ಮಸ್‌ಗೆ ಕೇಟಿ ಮನೆಯಲ್ಲಿದ್ದಳು. ಆರೈಕೆಯ ಭಾರ ತಾಯಿ ಜೂಲಿ ಬೆಕೆಟ್ ಮತ್ತು ಮನೆಗೆ ಬರುವ ನರ್ಸುಗಳ ಮೇಲೆ.

ಒಬ್ಬಳಿಗೆ ಕೊಟ್ಟ ವಿನಾಯಿತಿ ಉಳಿದವರಿಗೂ ದಾರಿಯಾಯಿತು. 1982ರ ತೆರಿಗೆ ಕಾನೂನಿನೊಳಗೆ ಸೇರಿಸಿದ ಒಂದು ಕಲಮಿನಂತೆ, ಆಸ್ಪತ್ರೆಯಲ್ಲಿರಬೇಕಾದಷ್ಟು ಅಂಗವಿಕಲತೆಯುಳ್ಳ ಮಗುವನ್ನು ಮನೆಯಲ್ಲಿ ನೋಡಿಕೊಂಡರೆ ತಂದೆತಾಯಿಯ ಆದಾಯ ಲೆಕ್ಕಕ್ಕೆ ಹಿಡಿಯದೆ ನೆರವು ಕೊಡಲು ರಾಜ್ಯಗಳಿಗೆ ಅವಕಾಶವಾಯಿತು. ವೃದ್ಧರಿಗೂ ದೊಡ್ಡವರಿಗೂ ಬೇರೊಂದು ದಾರಿ 1981ರ ಆಗಸ್ಟ್‌ನಲ್ಲೇ ತೆರೆದಿತ್ತು. ರೇಗನ್ ಸರ್ಕಾರ ಬಡವರ ಎಷ್ಟೋ ನೆರವುಗಳಿಗೆ ಕತ್ತರಿ ಹಾಕಿದ ಅದೇ ಬಜೆಟ್ ಕಾನೂನಿನಲ್ಲಿ ಈ ‘ವೇವರ್’, ಅಂದರೆ ನಿಯಮ ಸಡಿಲಿಕೆಯೂ ಅಡಗಿತ್ತು. ಸಂಸ್ಥೆಯಲ್ಲಿಡುವುದಕ್ಕಿಂತ ಖರ್ಚು ಹೆಚ್ಚಾಗಕೂಡದು ಎಂಬ ಕರಾರಿನ ಮೇಲೆ ರಾಜ್ಯಗಳು ಮೆಡಿಕೇಡ್ ಹಣವನ್ನು ಮನೆಗಳಿಗೆ ಒಯ್ಯಬಹುದು.

ಆದರೂ ಅಧಿಕಾರಿಗಳಿಗೆ ಒಂದು ಭಯ. ಅದಕ್ಕೆ ಅವರ ವಲಯದಲ್ಲಿ ‘ವುಡ್‌ವರ್ಕ್’ ಎಂಬ ಹೆಸರೇ ಇತ್ತು. ಮರದ ಸಂದುಗೊಂದಿನಿಂದ ಹುಳುಗಳು ಹೊರಬರುವಂತೆ, ಮನೆಗೆ ಹಣ ಕೊಡುತ್ತೇವೆ ಎಂದಾಕ್ಷಣ ಇಷ್ಟು ದಿನ ಕಾಣದಿದ್ದವರೆಲ್ಲ ಅರ್ಜಿ ಹಿಡಿದು ಬರುತ್ತಾರೆ ಎಂಬ ಲೆಕ್ಕಾಚಾರ. ನರ್ಸಿಂಗ್ ಹೋಂಗೆ ಯಾರೂ ಖುಷಿಯಿಂದ ಹೋಗುವುದಿಲ್ಲವಾದ್ದರಿಂದ ಅಲ್ಲಿ ಸಾಲು ತಾನಾಗಿಯೇ ಚಿಕ್ಕದು. ಕಾಣದಿದ್ದವರು ಯಾರು ಎಂದು ಕೇಳಿದರೆ ಈ ಭಯದ ನಿಜವಾದ ಅರ್ಥ ಹೊರಬೀಳುತ್ತದೆ. ಹಗಲೂ ರಾತ್ರಿ ಬಿಟ್ಟಿಯಾಗಿ ದುಡಿಯುತ್ತಿದ್ದ ಹೆಂಡತಿಯರು, ಹೆಣ್ಣುಮಕ್ಕಳು, ಸೊಸೆಯರು ಅವರು. ಸರ್ಕಾರದ ಉಳಿತಾಯ ನಿಂತಿದ್ದದ್ದು ಅವರ ಬೆನ್ನಿನ ಮೇಲೆ.

ಆದ್ದರಿಂದ ವೇವರಿಗೆ ಮಿತಿ ಹಾಕಲಾಯಿತು. ನರ್ಸಿಂಗ್ ಹೋಂಗೆ ಅರ್ಹರಾದ ಎಲ್ಲರಿಗೂ ರಾಜ್ಯ ಹಣ ಕೊಡಬೇಕು. ಮನೆಯ ಆರೈಕೆಗಾದರೆ ಇಷ್ಟೇ ಜನರಿಗೆ ಎಂದು ನಿಗದಿ ಮಾಡಿ ಉಳಿದವರನ್ನು ಕಾಯಲು ಹೇಳಬಹುದು. ಕಾಯುವವರ ಪಟ್ಟಿ ಬೆಳೆಯುತ್ತ ಬಂದು 2024ರಲ್ಲಿ ದೇಶದಾದ್ಯಂತ 7 ಲಕ್ಷ ದಾಟಿತ್ತು. ಪಟ್ಟಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರುಂಟು.

ಇಷ್ಟಕ್ಕೂ ಮನೆಗೆ ಬಂದ ಹಣ ಯಾರ ಕೈ ಸೇರುತ್ತಿತ್ತು, ಎಷ್ಟು ಸೇರುತ್ತಿತ್ತು? ಈ ಭಾಗದ ಇತಿಹಾಸ ಅಷ್ಟು ಹೇಳಿಕೊಳ್ಳುವಂಥದಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಬಡ ಹೆಂಗಸರನ್ನು, ಅವರಲ್ಲಿ ಬಹುಸಂಖ್ಯೆಯ ಕಪ್ಪು ಮಹಿಳೆಯರನ್ನು, ಕಾಯಿಲೆಯವರ ಮನೆಗಳಿಗೆ ಸಹಾಯಕಿಯರಾಗಿ ಸರ್ಕಾರವೇ ಕಳುಹಿಸಿತ್ತು. 1938ರಲ್ಲಿ ಕನಿಷ್ಠ ಕೂಲಿ, ಹೆಚ್ಚುವರಿ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಎಂಬ ಕಾನೂನು ಬಂದಾಗ ಮನೆಗೆಲಸದವರು ಅದರ ಹೊರಗೇ ಉಳಿದರು. 1974ರಲ್ಲಿ ಅವರನ್ನು ಒಳಗೆ ಸೇರಿಸಿಕೊಂಡರೂ ಎರಡು ವರ್ಗಕ್ಕೆ ಬಾಗಿಲು ಮುಚ್ಚಿತು: ಯಾವಾಗಲೋ ಒಮ್ಮೆ ಮಗು ನೋಡಿಕೊಳ್ಳುವವರು, ಮತ್ತು ವೃದ್ಧರಿಗೆ, ಅಶಕ್ತರಿಗೆ ‘ಜೊತೆಗಿರುವವರು’. ಪಕ್ಕದ ಮನೆಯ ಹುಡುಗಿ ಸಂಜೆ ಬಂದು ಅಜ್ಜಿಯ ಜೊತೆ ಹರಟೆ ಹೊಡೆದು ಹೋಗುವ ಚಿತ್ರ ಶಾಸಕರ ಕಣ್ಣ ಮುಂದೆ ಇದ್ದಿರಬೇಕು. ಮರುವರ್ಷ ಕಾರ್ಮಿಕ ಇಲಾಖೆ ಮಾಡಿದ ನಿಯಮ, ಏಜೆನ್ಸಿಗಳು ಸಂಬಳಕ್ಕಿಟ್ಟು ಕಳುಹಿಸುವ ಪೂರ್ಣಾವಧಿಯ ಸಹಾಯಕಿಯರನ್ನೂ ಈ ‘ಜೊತೆಗಿರುವವರ’ ಗುಂಪಿಗೇ ಸೇರಿಸಿಬಿಟ್ಟಿತು.

ಎವೆಲಿನ್ ಕೋಕ್ ಅಂಥ ಒಬ್ಬರು. ಜಮೈಕಾದಿಂದ ಬಂದು ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಸುಮಾರು ಇಪ್ಪತ್ತು ವರ್ಷ ಮುದುಕರನ್ನು, ಕಾಯಿಲೆಯವರನ್ನು ನೋಡಿಕೊಂಡರು. ಕೆಲವೊಮ್ಮೆ ಇಪ್ಪತ್ತನಾಲ್ಕು ಗಂಟೆಯ ಪಾಳಿ. ಹೆಚ್ಚುವರಿ ಗಂಟೆಗಳಿಗೆ ಹೆಚ್ಚುವರಿ ದರ ಸಿಗಲಿಲ್ಲವೆಂದು ಅವರು 2002ರಲ್ಲಿ ದಾವೆ ಹೂಡಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2007ರ ಜೂನ್ 11ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ತೀರ್ಪಿತ್ತರು: ನಿಯಮ ಮಾಡುವ ಅಧಿಕಾರ ಇಲಾಖೆಗೆ ಇದೆ, ಆದ್ದರಿಂದ ಕೋಕ್‌ಗೆ ಹಣವಿಲ್ಲ. ಎರಡು ವರ್ಷಗಳ ಬಳಿಕ, 74ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಮೂತ್ರಪಿಂಡಗಳು ಕೈಕೊಟ್ಟು, ಆರೈಕೆ ಬೇಕಾದ ಸರದಿ ಅವರದಾಗಿತ್ತು. ಎಷ್ಟೋ ಮನೆಗಳಿಗೆ ಹೋಗಿ ದುಡಿದ ಅವರ ಮನೆಗೆ ಅಂಥ ಸಹಾಯಕಿಯೊಬ್ಬರು ಬರಲಿಲ್ಲ.

ದೇಶದ ಇನ್ನೊಂದು ಕೊನೆಯಲ್ಲಿ ಈ ಕೆಲಸದವರು ಬೇರೆ ದಾರಿ ಹಿಡಿದಿದ್ದರು. ಲಾಸ್ ಏಂಜಲೀಸ್‌ನಲ್ಲಿ ಸಂಘ ಕಟ್ಟಹೊರಟವರಿಗೆ ಎದುರಾದ ಮೊದಲ ತೊಡಕೇ ತಮಾಷೆಯದು: ಮಾಲೀಕ ಯಾರು? ಹಾಸಿಗೆಯಲ್ಲಿರುವ ಮುದುಕಿಯೋ, ಚೆಕ್ ಕಳುಹಿಸುವ ರಾಜ್ಯವೋ, ಕೌಂಟಿಯೋ? ತಮ್ಮದಲ್ಲವೆಂದು ಎಲ್ಲರೂ ಕೈತೊಳೆದುಕೊಂಡರು. ಮಾಲೀಕನನ್ನು ಕಾನೂನಿನಿಂದಲೇ ಹುಟ್ಟಿಸಬೇಕಾಯಿತು. ಕೌಂಟಿಗೊಂದು ಪ್ರಾಧಿಕಾರ ರಚಿಸಲು ಅವಕಾಶ ಪಡೆದು, ಹತ್ತು ವರ್ಷಕ್ಕೂ ಹೆಚ್ಚು ಹೆಣಗಿದ ಮೇಲೆ 1999ರ ಫೆಬ್ರವರಿಯಲ್ಲಿ 74 ಸಾವಿರ ಮನೆ-ಆರೈಕೆ ಕೆಲಸಗಾರರು ಒಂದೇ ಮತದಾನದಲ್ಲಿ ಸಂಘ ಸೇರಿದರು. ಅಮೆರಿಕದ ಕಾರ್ಮಿಕ ಚಳವಳಿ ಹಲವು ದಶಕಗಳಿಂದ ಕಾಣದ ಸಂಖ್ಯೆ ಅದು. ವಿಶೇಷವೆಂದರೆ ಅವರಲ್ಲಿ ಎಷ್ಟೋ ಮಂದಿ ತಮ್ಮ ತಾಯಿಯನ್ನೇ, ತಮ್ಮ ಮಗುವನ್ನೇ ನೋಡಿಕೊಳ್ಳುತ್ತಿದ್ದವರು.

ಅದೇ 1999ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಮತ್ತೊಂದು ತೀರ್ಪು ಕೊಟ್ಟಿತು. ಜಾರ್ಜಿಯಾ ರಾಜ್ಯದ ಲೋಯಿಸ್ ಕರ್ಟಿಸ್, ಇಲೇನ್ ವಿಲ್ಸನ್ ಎಂಬ ಇಬ್ಬರು ಮಹಿಳೆಯರು ಹೊರಗೆ ಬಾಳಬಲ್ಲರು ಎಂದು ವೈದ್ಯರು ಹೇಳಿದ ಮೇಲೂ ಮಾನಸಿಕ ಆಸ್ಪತ್ರೆಯಲ್ಲೇ ಇದ್ದರು. ಹೊರಗಿನ ವ್ಯವಸ್ಥೆಗೆ ಹಣವಿಲ್ಲ ಎಂಬುದು ಕಾರಣ. ಅಂಗವಿಕಲರನ್ನು ಕಾರಣವಿಲ್ಲದೆ ಸಂಸ್ಥೆಯೊಳಗೆ ಇಡುವುದೇ 1990ರ ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧವಾದ ತಾರತಮ್ಯ ಎಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದರು. ರಾಜ್ಯದ ಹಣದ ಮಿತಿಯನ್ನೂ ಲಕ್ಷಿಸಬೇಕು ಎಂಬ ಮಾತನ್ನು ಸೇರಿಸಲು ಕೋರ್ಟು ಮರೆಯಲಿಲ್ಲ. ಆ ಬಳಿಕ ಹಣ ನಿಧಾನವಾಗಿ ಹೊರಳಿತು. 2013ರಲ್ಲಿ ಮೊದಲ ಬಾರಿಗೆ ಮೆಡಿಕೇಡಿನ ದೀರ್ಘಕಾಲದ ಆರೈಕೆಯ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮನೆ ಮತ್ತು ಊರಿನೊಳಗಿನ ಆರೈಕೆಗೆ ಹೋಯಿತು. ಕೋಕ್ ಸೋತಿದ್ದ ನಿಯಮವನ್ನು ಒಬಾಮಾ ಸರ್ಕಾರ ಅದೇ ವರ್ಷ ತಿದ್ದಿತು. ಕೋರ್ಟಿನ ತಡೆ ನಿವಾರಣೆಯಾಗಿ 2015ರಲ್ಲಿ ಏಜೆನ್ಸಿಗಳ ಸಹಾಯಕಿಯರಿಗೂ ಕೇಂದ್ರದ ಕೂಲಿ ಕಾನೂನು ಅನ್ವಯವಾಯಿತು.

ಬಡವರಾಗದೆ ಆರೈಕೆ ಪಡೆಯುವ ದಾರಿ ಮಾತ್ರ ಇನ್ನೂ ಕಿರಿದು. ಜನರೇ ಕಂತು ಕಟ್ಟಿ ಮುಂದೆ ದಿನಕ್ಕಿಷ್ಟು ಎಂದು ನಗದು ಪಡೆಯುವ ವಿಮೆಯೊಂದನ್ನು 2010ರ ಆರೋಗ್ಯ ಕಾನೂನಿನಲ್ಲಿ ಸೇರಿಸಿದ್ದರು. ಸೆನೆಟರ್ ಎಡ್ವರ್ಡ್ ಕೆನಡಿ ಬೆನ್ನು ಹತ್ತಿದ್ದ ಯೋಜನೆ. ಇಷ್ಟವಿದ್ದವರು ಮಾತ್ರ ಸೇರುವಂಥದಾದ್ದರಿಂದ ಕಾಯಿಲೆಯವರೇ ತುಂಬಿ ಲೆಕ್ಕ ಕೂಡುವುದಿಲ್ಲವೆಂದು ಕಂಡು, ಒಬ್ಬರಿಗೂ ಹಣ ತಲಪುವ ಮೊದಲೇ 2013ರ ಆರಂಭದಲ್ಲಿ ಅದು ರದ್ದಾಯಿತು. ವಾಷಿಂಗ್‌ಟನ್ ರಾಜ್ಯ 2019ರಲ್ಲಿ ಕಡ್ಡಾಯದ ದಾರಿ ಹಿಡಿಯಿತು. ಸಂಬಳದ ಪ್ರತಿ 100 ಡಾಲರಿಗೆ 58 ಸೆಂಟ್ 2023ರ ಜುಲೈನಿಂದ ಕಡಿತ. ಅದಕ್ಕೆ ಪ್ರತಿಯಾಗಿ ಜೀವಮಾನದಲ್ಲಿ 36,500 ಡಾಲರ್‌ವರೆಗೆ ಆರೈಕೆಯ ಹಣ. ಕೊಡುವ ಕಾಲ 2026ರ ಜುಲೈ ಎಂದು ಕಾನೂನಿನಲ್ಲೇ ಗೊತ್ತುಮಾಡಲಾಗಿತ್ತು. ಬೇಕಾದವರು ಮಾತ್ರ ಕಟ್ಟಲಿ ಎಂಬ ಪ್ರಸ್ತಾವವನ್ನು ಆ ರಾಜ್ಯದ ಮತದಾರರು 2024ರ ನವೆಂಬರ್‌ನಲ್ಲಿ ತಳ್ಳಿಹಾಕಿದರು.

ಆಸ್ಪತ್ರೆಯಿಂದ ಮನೆಗೆ ಬಂದ ಕೇಟಿ ಬೆಕೆಟ್ ಶಾಲೆಗೆ ಹೋದರು, ತಮ್ಮೂರಿನ ಕಾಲೇಜಿನಲ್ಲಿ ಪದವಿ ಪಡೆದರು, ಮುಂದೆ ಸಹಾಯಕರನ್ನಿಟ್ಟುಕೊಂಡು ಸ್ವಂತದೊಂದು ಮನೆಯಲ್ಲಿದ್ದರು. ಅಂಗವಿಕಲರ ಪರವಾಗಿ ಬರೆದರು, ಮಾತಾಡಿದರು. 2012ರ ಮೇ 18ರಂದು, 34ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲೇ ಪ್ರಸಿದ್ಧವಾದ ಕಲಮಿನಿಂದ ಲಕ್ಷಾಂತರ ಮಕ್ಕಳು ಅಷ್ಟರಲ್ಲಿ ಮನೆಯಲ್ಲೇ ಬೆಳೆದಿದ್ದರು. ತಾಯಿ ಜೂಲಿ ಉಳಿದ ಕುಟುಂಬಗಳಿಗೆ ದಾರಿ ತೋರಿಸುವ ಕೆಲಸವನ್ನೇ ಬದುಕಾಗಿಸಿಕೊಂಡು 2022ರಲ್ಲಿ ಕಣ್ಮುಚ್ಚಿದರು.

2025ರ ಜುಲೈ 2ರಂದು ಅಮೆರಿಕದ ಕಾರ್ಮಿಕ ಇಲಾಖೆ, ಮನೆ-ಆರೈಕೆಯ ಸಹಾಯಕಿಯರಿಗೆ 2013ರಲ್ಲಿ ಕೊಟ್ಟ ಕೂಲಿ ರಕ್ಷಣೆಯನ್ನು ಹಿಂತೆಗೆದುಕೊಂಡು 1975ರ ನಿಯಮಕ್ಕೆ ಮರಳುವ ಪ್ರಸ್ತಾವವನ್ನು ಪ್ರಕಟಿಸಿತು. ಎರಡು ದಿನಗಳ ಬಳಿಕ, ಜುಲೈ 4ರಂದು, ಮುಂದಿನ ಹತ್ತು ವರ್ಷಗಳ ಮೆಡಿಕೇಡ್ ಖರ್ಚಿಗೆ ದೊಡ್ಡ ಕಡಿತ ಹಾಕುವ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು. ಕೇಂದ್ರದ ಹಣ ತಗ್ಗಿದಾಗ ಕಡ್ಡಾಯ ಬಾಬ್ತುಗಳನ್ನು ರಾಜ್ಯಗಳು ಮುಟ್ಟುವಂತಿಲ್ಲ, ಕೈಹಾಕಬಹುದಾದದ್ದು ಐಚ್ಛಿಕ ಬಾಬ್ತುಗಳಿಗೆ. 1965ರಲ್ಲಿ ಬರೆದ ಆ ಪಟ್ಟಿಯಲ್ಲಿ ನರ್ಸಿಂಗ್ ಹೋಂ ಈಗಲೂ ಕಡ್ಡಾಯದ ಸಾಲಿನಲ್ಲಿದೆ. ಮನೆಗೆ ಸಹಾಯಕರನ್ನು ಕಳುಹಿಸುವುದು ಐಚ್ಛಿಕದ ಸಾಲಿನಲ್ಲೇ ಇದೆ.